ಬೀಗವಿಲ್ಲದ ಕ್ಯಾಮೆರಾ

ಕೂಕಟ್‌ಪಲ್ಲಿ, ಹೈದರಾಬಾದು
೧೦ ಫೆಬ್ರುವರಿ ೨೦೧೯, ಭಾನುವಾರ

ಚಿ. ಸೌ. ಹರ್ಷದಾಳಿಗೆ ನಿನ್ನ ಅತ್ತೆ ಯಮುನಾಬಾಯಿ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನ ಮಾವನವರ ಮೊಣಕಾಲು ಚಳಿಗಾಲದಲ್ಲಿ ಬಹಳ ಹಟ ಮಾಡಿತು, ಬಿಸಿಲು ಏರಿದ ಮೇಲೆ ಸ್ವಲ್ಪ ಮಾತು ಕೇಳುತ್ತಿದೆ. ರಾಯಚೂರಿನಲ್ಲಿ ನೀನು, ಮೊಮ್ಮಗಳು ಅಪೂರ್ವ, ನಿನ್ನ ತಾಯಿಯವರು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಫೋನಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಮದುವೆ ಗಟ್ಟಿಯಾದ ಸುದ್ದಿಯನ್ನು, ನನಗೆ ಕಾಗದ ಇಷ್ಟವೆಂದು, ಕೈಯಾರೆ ಎರಡು ಹಾಳೆ ಬರೆದು ಕಳಿಸಿದೆ. ನಾನು ಉತ್ತರ ಬರೆಯಲಿಲ್ಲ. ಪ್ರತಿ ಭಾನುವಾರ ನೀನು ಫೋನು ಮಾಡಿದಾಗ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಮಾವನವರ ಕೈಗೆ ಕೊಟ್ಟು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನೀನು ಇನ್ನೊಂದು ಮದುವೆ ಆಗುವುದು ಅತ್ತೆಗೆ ಸೇರಲಿಲ್ಲ ಎಂದು ನೀನು ತಿಳಿದಿರಬಹುದು. ಹಾಗಿಲ್ಲ. ನಮ್ಮ ಆಶಿಷ್ ಹೋದಂದಿನಿಂದ ಈ ಎರಡು ವರ್ಷ ನಿನಗೆ ಬರೆದ ಪತ್ರಗಳಲ್ಲಿ ನಿನ್ನ ಹೆಸರಿನ ಹಿಂದೆ ಬರೀ ‘ಚಿ.’ ಬರೆದೆ. ಮಗ ಇಲ್ಲದ ಮೇಲೆ ಸೊಸೆಗೆ ‘ಸೌ.’ ಬರೆಯಲು ಬರುವುದಿಲ್ಲವಲ್ಲ. ಇಂದು ಬರೆದಿದ್ದೇನೆ. ಮಾವನವರು ಬಗ್ಗಿ ನೋಡಿ, “ಅಕ್ಷತಿ ಬೀಳೋಕಿಂತ ಮೊದ್ಲ ಬರದ್ಯಾ?” ಅಂದರು.

“ಬೀಳತಾವ ತಗೋರಿ. ನಮ್ಮ ಟಪಾಲು ಮುಟ್ಟೂದ್ರಾಗ ಅರ್ಧ ದಿನ ಕಳದಿರ್ತಾವ,” ಅಂದೆ.

ಸುಮಂತನೂ ನನಗೆ ಒಪ್ಪಿಗೆಯೇ. ದೀಪಾವಳಿಯ ಮುಂದೆ ನಿನ್ನ ಅಣ್ಣನ ಜೊತೆ ಅವನು ನಮ್ಮನ್ನು ನೋಡಲು ಬಂದಿದ್ದು ನಿನಗೆ ಗೊತ್ತೇ ಇದೆ. ಆಶಿಷ್‌ನ ಫೋಟೋಕ್ಕೆ ಕೈ ಮುಗಿದ. ಆಮೇಲೆ ನನ್ನನ್ನು, “ಅಪೂರ್ವ ನಿಮ್ಮನ್ನ ಏನಂತ ಕರೀತಾಳ್ರಿ?” ಎಂದು ಕೇಳಿದ. “ಆಯಿ ಅಂತಾಳ,” ಅಂದೆ. “ಹಂಗಾರ ನಾನೂ ಆಯಿ ಅಂತೀನ್ರಿ,” ಅಂದ. ಸರ್ವೇ ಇಲಾಖೆಯವರು ಗುಡ್ಡ ಅಳೆಯುತ್ತಾ ತಿರುಗುವವರು, ಒರಟರಿರುತ್ತಾರೆ ಅಂದುಕೊಂಡಿದ್ದೆ.

ನಾನು ಸುಮ್ಮನಿದ್ದುದಕ್ಕೆ ಕಾರಣ ಬೇರೆ. ನಿನಗೆ ಒಂದು ಮಾತು ಹೇಳುವುದಿದೆ. ಅದನ್ನು ಹೇಳದೆ ಯಾವ ಮುಖ ಹೊತ್ತು ನಿನ್ನ ಮದುವೆಯ ಮನೆಗೆ ಬರಲಿ? ಹೇಳಿದ ಮೇಲೆ ‘ನೀವು ಬರಬೇಡಿ’ ಎಂದು ನೀನು ಅಂದರೂ ಅನ್ನಬಹುದು. ಅಪೂರ್ವಳನ್ನು ರಜೆಗೆ ನಮ್ಮಲ್ಲಿ ಕಳಿಸದೆ ಇರಬಹುದು. ಅಷ್ಟು ದೊಡ್ಡದು ಅದು. ಮೊದಲು ಕ್ಯಾಮೆರಾದ ವಿಷಯ ಬರೆಯುತ್ತೇನೆ, ಏಕೆಂದರೆ ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದೇ ಕ್ಯಾಮೆರಾದಿಂದ.

ನೀನು ಪತ್ರದಲ್ಲಿ ಕೇಳಿದ್ದು ಒಂದೇ. ಮದುವೆಯ ಮೇಲೆ ಸುಮಂತನ ಜೊತೆ ಡೆಹರಾಡೂನಿಗೆ ಹೋಗುವ ಮೊದಲು ಸಣ್ಣದೊಂದು ವಿಡಿಯೋ ಕ್ಯಾಮೆರಾ ಬೇಕು, ಮನೆಯಲ್ಲೂ ಆಗಬೇಕು, ಊರೂರು ತಿರುಗುವಾಗಲೂ ಆಗಬೇಕು, ರಾಯಚೂರಿನಲ್ಲಿ ನೋಡಿ ಆರಿಸಲು ಅಂಗಡಿಯಿಲ್ಲ, ಮಾವನವರಿಗೆ ಯಂತ್ರಗಳು ತಿಳಿಯುತ್ತವೆ, ನೀವೇ ಆರಿಸಿ ಹೇಳಿ ಎಂದು. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೆ: ಅಪೂರ್ವಳ ಸಣ್ಣಂದಿನ ವಿಡಿಯೋ ಎಲ್ಲ ಅವಳ ಅಪ್ಪನ ಫೋನಿನ ಜೊತೆ ಹೋಯಿತು, ಇನ್ನು ಮೇಲೆ ಫೋನನ್ನು ನಂಬುವುದಿಲ್ಲ ಎಂದು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಮಾವನವರಿಗೆ ಮಾತ್ರ ಹಬ್ಬವೇ ಬಂದಂತಾಯಿತು. ಫ್ಯಾಕ್ಟರಿಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಬೇರೆಯವರು ಮಾಡಿದ ಸಾಮಾನಿನಲ್ಲಿ ಕೂದಲೆಳೆಯ ದೋಷ ಹುಡುಕುವುದೇ ಅವರ ಕೆಲಸ. ರಿಟೈರ್ ಆದ ಮೇಲೆ ದೋಷ ಹುಡುಕಲು ನನ್ನ ಸಾರು ಒಂದೇ ಉಳಿದಿತ್ತು. ಹೊಸ ನೋಟ್‌ಬುಕ್ ತಂದು ಗೆರೆ ಎಳೆದು ತೂಕ, ಗಾಜು, ಬ್ಯಾಟರಿ, ಕತ್ತಲೆ, ಕೈನಡುಕ, ಗಾಳಿಯ ಸದ್ದು ಎಂದು ಆರು ಅಂಕಣ ಬರೆದರು.

“ನನ್ನ ನೋಡಾಕ ಬಂದಾಗ ಒಂದು ಪ್ರಶ್ನಿ ಸುದ್ದಾ ಕೇಳಿರಲಿಲ್ಲ ನೀವು,” ಅಂದೆ.

“ಆವಾಗ ನನಗ ಇನ್‌ಸ್ಪೆಕ್ಷನ್ ಸೆಕ್ಷನ್ ಕೊಟ್ಟಿರಲಿಲ್ಲ,” ಅಂದರು.

ಹೋದ ಸೋಮವಾರ ಮೆಟ್ರೊ ಹತ್ತಿ ಸುಲ್ತಾನ್ ಬಜಾರಿಗೆ ಹೋದೆವು. ನಮ್ಮ ಕೂಕಟ್‌ಪಲ್ಲಿಯಿಂದ ಈಗ ಗಾಡಿ ಬದಲಿಸುವ ಕೆಲಸವಿಲ್ಲ. ಮೂಸಾಪೇಟೆ ಬಂದಾಗ ಕೆಳಗೆ ಆಶಿಷ್‌ನ ಅಪಘಾತವಾದ ರಸ್ತೆ ಕಾಣಿಸುತ್ತದೆ. ಆಗ ನಾವಿಬ್ಬರೂ ಬೇರೆ ಕಡೆಯ ಕಿಟಕಿ ನೋಡುತ್ತೇವೆ. ಯಾರೂ ಯಾರಿಗೂ ಹೇಳಿದ್ದಲ್ಲ, ಹಾಗೆ ರೂಢಿಯಾಗಿದೆ.

ಮೊದಲ ಅಂಗಡಿಯವನು, ಈಗ ಎಲ್ಲ ಫೋನಿನಲ್ಲೇ ಬರುತ್ತದಲ್ಲ ಎಂದು ನಾವು ಕೇಳಿದ್ದಕ್ಕೇ ನಕ್ಕ. “ಅಮ್ಮಾ, ಅಬ್ ಸಬ್ ಫೋನ್ ಮೇಂಚ್ ಆತಾ. ಕ್ಯಾಮೆರಾ ಕಾಯ್ಕೂ?”

ಮಾವನವರು, “ಯಾಕ ಅಂತ ನೀ ಕೇಳಬ್ಯಾಡ. ಐತೋ ಇಲ್ಲೋ ಅಷ್ಟ ಹೇಳು,” ಎಂದು ಕನ್ನಡದಲ್ಲೇ ಗದರಿದರು. ಅವನು ನಗು ನಿಲ್ಲಿಸಿ, ಪಕ್ಕದ ಗಲ್ಲಿಯ ಮಹಡಿಯ ಮೇಲೆ ಒಬ್ಬರ ಹತ್ತಿರ ಸಿಗುತ್ತದೆ ಎಂದು ಕೈ ತೋರಿಸಿದ.

ಆ ಮಹಡಿಯ ಅಂಗಡಿ ಪದ್ಮನಾಭ ಎಂಬುವರದು. ಐವತ್ತರ ಮೇಲಿನ ವಯಸ್ಸು. ನಾವು ಮೆಟ್ಟಿಲು ಹತ್ತುತ್ತಾ ಮೊಣಕಾಲಿನ ವಿಷಯಕ್ಕೆ ಜಗಳವಾಡುತ್ತಿದ್ದುದನ್ನು ಕೇಳಿಸಿಕೊಂಡೇ, “ಬರ್ರಿ ಯಜಮಾನ್ರ. ಯಾವ ಕಡ್ಯಾವ್ರು?” ಎಂದರು. ಅವರೂ ಬೀದರ ಕಡೆಯಿಂದ ಬಂದವರಂತೆ.

“ಲಿಂಗಸೂಗೂರ ಕಡೆ. ಆದ್ರ ಇಲ್ಲಿಗೆ ಬಂದು ನಲವತ್ತು ವರ್ಷ ಆತು,” ಅಂದರು ಮಾವನವರು.

“ಹಂಗಾರ ನನಗಿಂತ ಹಳೇ ಹೈದರಾಬಾದಿ ನೀವು. ಕುಂದರ್ರಿ. ಈಗ ಈ ಕ್ಯಾಮೆರಾ ಕೇಳಾವ್ರು ಅಂದ್ರ ಒಂದು ಮದುವಿ ವಿಡಿಯೋದವ್ರು, ಇಲ್ಲಾ ನಿಮ್ಮಂಥಾ ಹಟದವ್ರು.”

ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಕ್ಯಾಮೆರಾ ಇಟ್ಟರು. ಮೊದಲನೆಯದರ ಮೇಲೆ ಐದುನೂರು ಪಟ್ಟು ಹತ್ತಿರ ತರುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಮಾವನವರು ಅದರ ಕಡೆಗೇ ಕೈ ಚಾಚಿದರು.

“ಬರದಿದ್ದು ಓದಬ್ಯಾಡ್ರಿ,” ಎಂದರು ಪದ್ಮನಾಭ. “ಗಾಜು ತಾನಾಗಿ ಹತ್ತಿರ ತರೂದು ಇಪ್ಪತ್ತೈದು ಪಟ್ಟು. ಅದರ ಮ್ಯಾಲಿಂದೆಲ್ಲ ಚಿತ್ರ ಹಿಡದು ಎಳ್ಯೂದು. ಅವ್ವಾರ, ಹಳೇ ಸೀರಿ ಎರಡೂ ಕಡೆ ಹಿಡದು ಎಳದ್ರ ಏನಾಗತೈತ್ರಿ?”

“ಪಿಸೀತೈತಿ, ಎಳಿ ಬಿಡತೈತಿ,” ಅಂದೆ.

“ಮುಗೀತಲ್ಲ! ಚಿತ್ರಾನೂ ಪಿಸೀತೈತಿ.”

ಎರಡನೆಯದು ಅಂಗೈಯಷ್ಟೇ ಇತ್ತು. ಅಪೂರ್ವ ಕೂಡ ಹಿಡಿಯಬಹುದಿತ್ತು. ನನಗೆ ಅದೇ ಹಿಡಿಸಿತು. ಮಾವನವರು, ಮನೆಯಲ್ಲಿ ಯಾವಾಗಲೂ ಬೆಳಕು ಇರುತ್ತದೆಯೇ ಎಂದು ಹೇಳಿ ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿಸಿ, ದೇವರ ಪಟದ ಮುಂದಿನ ಸಣ್ಣ ದೀಪ ಒಂದನ್ನೇ ಉಳಿಸಿದರು. ಆ ಬೆಳಕಿನಲ್ಲಿ ತೆಗೆದದ್ದನ್ನು ಟಿವಿಯಲ್ಲಿ ನೋಡಿದರೆ ಪದ್ಮನಾಭರ ಮುಖದ ತುಂಬ ರವೆ ಚೆಲ್ಲಿದ ಹಾಗಿತ್ತು. ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಬಿತ್ತು.

ಮೂರನೆಯದು ನಡುವಿನ ಅಳತೆಯದು. ಕೈಗೆ ಬಿಗಿಯುವ ಪಟ್ಟಿ ಇದೆ. ಕೈ ನಡುಗಿದರೂ ಗಾಜು ಒಳಗೊಳಗೇ ಸರಿಮಾಡಿಕೊಳ್ಳುತ್ತದಂತೆ. ಅಂತೆ ಎಂಬ ಮಾತು ಮಾವನವರಿಗೆ ಆಗುವುದಿಲ್ಲ. ಕ್ಯಾಮೆರಾ ಹಿಡಿದು ಆ ನೋವಿನ ಕಾಲಿನಲ್ಲೇ ಮೆಟ್ಟಿಲು ಇಳಿದು, ಗಲ್ಲಿಯ ಬಳೆ ಅಂಗಡಿಯವರೆಗೆ ಹೋಗಿ, ಮತ್ತೆ ಹತ್ತಿ ಬಂದರು. ಪದ್ಮನಾಭರು ನನ್ನ ಕಡೆ ನೋಡಿ, “ಓಡಿ ಹೋಗೂದಿಲ್ಲಲ್ರಿ?” ಎಂದರು.

“ಆ ಕಾಲಾಗ ಎಲ್ಲಿಗೆ ಓಡ್ತಾರ್ರಿ,” ಅಂದೆ.

ಟಿವಿಯಲ್ಲಿ ಹಾಕಿ ನೋಡಿದೆವು. ಮೆಟ್ಟಿಲು, ಗಲ್ಲಿ, ಬಳೆಗಳ ಸಾಲು ಎಲ್ಲ ನೀರಿನ ಮೇಲೆ ದೋಣಿ ಹೋದ ಹಾಗೆ ಹೋಗುತ್ತಿದ್ದವು. “ನಾ ಕುಂಟೀನಿ, ಚಿತ್ರ ಕುಂಟಿಲ್ಲ,” ಎಂದು ಮಾವನವರು ಬಹಳ ದಿನಗಳ ಮೇಲೆ ನಕ್ಕರು. ಆ ನಗೆ ನೋಡಿದ ಮೇಲೆ ಅದನ್ನೇ ತೆಗೆದುಕೊಳ್ಳುವುದು ಎಂದು ನಾನು ಗಟ್ಟಿಮಾಡಿದೆ.

ಅದರ ಪಕ್ಕದಲ್ಲಿ ಪುಸ್ತಕದ ರಟ್ಟಿನಂತೆ ತೆರೆಯುವ ಸಣ್ಣ ಪರದೆ ಇದೆ. ಅದು ಪೂರ್ತಿ ಮುಂದಕ್ಕೂ ತಿರುಗುತ್ತದೆ. ಯಾಕೆ ಹಾಗೆ ಎಂದು ಕೇಳಿದೆ. ಪದ್ಮನಾಭರು, “ತೆಗ್ಯಾವ್ರೂ ಚಿತ್ರದಾಗ ಬರಬೇಕಲ್ರಿ ಅವ್ವಾರ. ಇಲ್ಲಾಂದ್ರ ಮನ್ಯಾಗ ಒಬ್ಬರು ಯಾವತ್ತೂ ಕಾಣಂಗಿಲ್ಲ ನೋಡ್ರಿ,” ಅಂದರು.

ನಮ್ಮಲ್ಲಿ ಆ ಒಬ್ಬ ಆಶಿಷ್ ಆಗಿದ್ದ. ಅವನು ತೆಗೆದ ಯಾವುದರಲ್ಲೂ ಅವನಿಲ್ಲ, ದನಿ ಮಾತ್ರ ಇತ್ತು. ಅಪೂರ್ವ ಮೊದಲ ಸಲ ನಾಲ್ಕು ಹೆಜ್ಜೆ ಇಟ್ಟದ್ದನ್ನು ತೆಗೆದು ನಮಗೆ ತೋರಿಸಿದ್ದು ನೆನಪಿದೆಯಲ್ಲ? ಕೂಸು ತೂರಾಡುತ್ತಾ ಬರುತ್ತದೆ, ಹಿಂದಿನಿಂದ “ಬಾ, ಬಾ, ನನ್ನ ಕಡೆ ಬಾ, ಅವ್ವ ಬಿಟ್ಟ ಬಾ” ಅನ್ನುತ್ತಾನೆ, ಆಚೆ ನೀನು ನಗುತ್ತಿರುತ್ತೀ.

ಆಗ ನನ್ನ ಬಾಯಿಂದ ಬಂತು. “ಇದಕ್ಕ ಚುಕ್ಕಿ ಬೀಗ ಐತೇನ್ರಿ?”

ಅವರಿಗೆ ತಿಳಿಯಲಿಲ್ಲ. ಫೋನಿನಲ್ಲಿ ಒಂಬತ್ತು ಚುಕ್ಕಿ ಬರುತ್ತವಲ್ಲ, ಗೆರೆ ಎಳೆಯದೆ ತೆರೆಯುವುದಿಲ್ಲವಲ್ಲ, ಅದು ಎಂದೆ.

“ಏ, ಅದೆಲ್ಲ ಇಲ್ರಿ. ಇದಕ್ಕ ಬೀಗಾನ ಇಲ್ಲ. ಯಾರ ಕೈಯಾಗ ಕೊಟ್ರೂ ನಡೀತೈತಿ. ಕಾರ್ಡ್ ತಗದು ಯಾರ ಮನೀ ಟಿವಿಗೆ ಹಾಕಿದ್ರೂ ತೋರಸತೈತಿ. ನೀವಿದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ,” ಎಂದರು. ಅವರು ಹೇಳಿದ್ದು ವ್ಯಾಪಾರದ ಮಾತು. ನಾನು ಹಿಂದಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಮೆಟ್ಟಿಲು ಹತ್ತಿದ ದಣಿವು ಎಂದು ನೀರು ತರಿಸಿದರು.

ಕ್ಯಾಮೆರಾ ಕಟ್ಟಿಸಿಕೊಂಡು ಮನೆಗೆ ಬಂದೆವು. ಮಾವನವರು ಡಬ್ಬಿ ಬಿಚ್ಚಿ ಕೈಪಿಡಿ ಓದುತ್ತಾ ಕುಳಿತರು. ನಾನು ಅಡಿಗೆಮನೆಗೆ ಹೋಗಿ ಮೇಲಿನ ಹಲಗೆಯಿಂದ ಬೇಳೆಯ ಡಬ್ಬಿ ಇಳಿಸಿ, ಒಳಗಿಂದ ಆಶಿಷ್‌ನ ಫೋನು ತೆಗೆದು ಅವರ ಮುಂದೆ ಇಟ್ಟೆ.

ಹರ್ಷದಾ, ಆ ಮಾತು ಇದೇ. ಆ ಫೋನು ರಸ್ತೆಯಲ್ಲಿ ಕಳೆದುಹೋಗಿರಲಿಲ್ಲ. ನಿನಗೂ ಎಲ್ಲರಿಗೂ ನಾನು ಸುಳ್ಳು ಹೇಳಿದ್ದೆ.

ನೀನು ಆಗ ನಿನ್ನ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಅಪೂರ್ವಳನ್ನು ಕರೆದುಕೊಂಡು ರಾಯಚೂರಿಗೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಮಾವನವರು ಡಾಕ್ಟರ ಹಿಂದೆ ಒಳಗೆ ಹೋಗಿದ್ದಾಗ ಪೊಲೀಸ್ ಪೇದೆಯೊಬ್ಬ ಒಂದು ಚೀಲದಲ್ಲಿ ಕೈಗಡಿಯಾರ, ಪಾಕೀಟು, ಫೋನು ಹಾಕಿ ನನ್ನ ಕೈಗೆ ಕೊಟ್ಟ. ಗಡಿಯಾರ, ಪಾಕೀಟು ಎಲ್ಲರೂ ನೋಡಿದರು. ಫೋನನ್ನು ನಾನು ಸೆರಗಿನ ಮಡಿಕೆಯಲ್ಲಿ ಸೇರಿಸಿದೆ. ಮಗನ ವಸ್ತು ನನ್ನ ಹತ್ತಿರವೇ ಇರಲಿ ಅನ್ನಿಸಿತು. ನೀನು ಬಂದ ಮೇಲೆ ಮೊದಲು ಕೇಳಿದ್ದೇ ಅದನ್ನು. ಸಿಗಲಿಲ್ಲವಂತೆ ಎಂದೆ. ಒಂದು ಸಲ ಹೇಳಿದ ಮೇಲೆ ದಿನದಿನಕ್ಕೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟವಾಯಿತು.

ಗಾಜಿನ ಒಂದು ಮೂಲೆ ಒಡೆದಿತ್ತು, ಆದರೆ ಜೀವವಿತ್ತು. ಮಧ್ಯಾಹ್ನ ಮಾವನವರು ಮಲಗಿದಾಗ ಚಾರ್ಜಿಗೆ ಹಾಕುತ್ತಿದ್ದೆ. ತೆರೆಯಲು ಹೋದರೆ ಚುಕ್ಕಿಗಳು ಬರುತ್ತಿದ್ದವು, ಮೂರು ಸಾಲು, ಸಾಲಿಗೆ ಮೂರು. ನಾನು ಏಳನೆಯ ಇಯತ್ತೆ ಓದಿದವಳು, ಫೋನಿನದು ನನಗೇನೂ ತಿಳಿಯದು. ಆದರೆ ಚುಕ್ಕಿ ತಿಳಿಯುತ್ತದೆ ಅಂದುಕೊಂಡೆ. ಐವತ್ತು ವರ್ಷ ಹೊಸ್ತಿಲ ಮುಂದೆ ರಂಗೋಲಿಗೆ ಚುಕ್ಕಿ ಇಟ್ಟ ಕೈ ಇದು. ಆಶಿಷ್ ಸಣ್ಣವನಿದ್ದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, “ಈಗ ಆ ಚುಕ್ಕಿಗೆ ಹೋಗವ್ವ, ಈಗ ಈ ಚುಕ್ಕಿಗೆ,” ಎಂದು ಬೆರಳು ತೋರಿಸುತ್ತಿದ್ದ. ಅವನು ಇಟ್ಟಿದ್ದರೆ ನನ್ನ ರಂಗೋಲಿಗಳಲ್ಲಿ ಒಂದನ್ನೇ ಇಟ್ಟಿರುತ್ತಾನೆ ಎಂದು ನನಗೆ ಅನುಮಾನವೇ ಬರಲಿಲ್ಲ.

ಸೂತಕ ಕಳೆದು ಧನುರ್ಮಾಸ ನಡೆದಿತ್ತು. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವುದು, ಒಳಗೆ ಬಂದು ಕೈ ತೊಳೆದು ಅದನ್ನೇ ಫೋನಿನ ಮೇಲೆ ಎಳೆಯುವುದು. ದಿನಕ್ಕೆ ಒಂದು, ಕೆಲವು ದಿನ ಎರಡು. ಎಳೆದದ್ದನ್ನೇ ಮತ್ತೆ ಎಳೆಯಬಾರದೆಂದು ದಿನಚರಿಯಲ್ಲಿ ಒಂಬತ್ತು ಚುಕ್ಕಿ ಬರೆದು ಗೆರೆ ಗುರುತು ಮಾಡುತ್ತಿದ್ದೆ. ರಂಗೋಲಿಯಲ್ಲಿ ಇಟ್ಟ ಚುಕ್ಕಿಯನ್ನು ಬಿಡುವ ಹಾಗಿಲ್ಲ. ಒಂದು ಬಿಟ್ಟರೂ ನಮ್ಮವ್ವ ಅಳಿಸಿ ಮತ್ತೆ ಹಾಕಿಸುತ್ತಿದ್ದಳು. ಹಾಗಾಗಿ ನಾನು ಎಳೆದದ್ದೆಲ್ಲ ಒಂಬತ್ತೂ ಚುಕ್ಕಿ ಮುಟ್ಟಿದ ಗೆರೆಗಳೇ. ಪ್ರತಿ ಸಲವೂ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ತಪ್ಪಾಯಿತು ಎಂದು ಬೈಯುತ್ತಿದೆ ಅಂದುಕೊಳ್ಳುತ್ತಿದ್ದೆ. ಕೊನೆಕೊನೆಗೆ ಬೈಗುಳ ಉದ್ದವಾಯಿತು. ಅದನ್ನು ಯಾರಿಗೆ ತೋರಿಸಿ ಓದಿಸಲಿ?

ಸಂಕ್ರಾಂತಿಯ ದಿನ ಹದಿನೈದನೆಯದನ್ನು ಎಳೆದೆ. ಫೋನು ಕಪ್ಪಾಯಿತು. ಬಹಳ ಹೊತ್ತು ಏನೋ ಯೋಚಿಸುತ್ತಿರುವಂತೆ ಇತ್ತು. ಆಮೇಲೆ ಬೆಳಗಿ, ಅಂಗಡಿಯಿಂದ ಈಗ ತಾನೇ ತಂದ ಫೋನಿನ ಹಾಗೆ, ನಿನಗೆ ಯಾವ ಭಾಷೆ ಬೇಕು ಎಂದು ಒಂದು ಪಟ್ಟಿ ಮುಂದಿಟ್ಟಿತು. ಅದರಲ್ಲಿ ಕನ್ನಡವೂ ಇತ್ತು. ತೆರೆಯಿತು ಎಂದು ನಾನು ಕೈ ಮುಗಿದೆ, ಹರ್ಷದಾ. ಕನ್ನಡದ ಮೇಲೆ ಬೆರಳಿಟ್ಟೆ.

ಒಳಗೆ ಏನೂ ಇರಲಿಲ್ಲ.

ರಿಪೇರಿಯವನ ಹತ್ತಿರ ಒಬ್ಬಳೇ ಹೋದೆ. “ಖಾಲೀ ಹೈ ಅಮ್ಮಾ, ಕುಛ್ ನಹೀ ಬಚಾ,” ಅಂದ. ಹದಿನೈದು ಸಲ ತಪ್ಪಾದರೆ ಫೋನು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಇಡಬಹುದಂತೆ. ಸನತ್‌ನಗರದ ಆಫೀಸಿನ ಕಾಗದಪತ್ರ ಅದರಲ್ಲಿ ಇದ್ದುದಕ್ಕೆ ಆಶಿಷ್ ಹಾಗೆ ಇಟ್ಟಿರಬೇಕು.

ಇದಕ್ಕಿಂತ ಕೆಟ್ಟದ್ದು ಯುಗಾದಿಯ ಹೊತ್ತಿಗೆ ಆಯಿತು. ನಿನ್ನ ಬಟ್ಟೆಬರೆ ತೆಗೆದುಕೊಂಡು ಹೋಗಲು ನೀನು ಬಂದಿದ್ದೆ. ಕಪಾಟಿನ ಮುಂದೆ ಇಬ್ಬರೂ ಸೀರೆ ಮಡಿಸುತ್ತಿದ್ದೆವು. ನೀನು, “ಅವರ ಫೋನ್ ಒಂದು ಸಿಕ್ಕಿದ್ರ ಸಾಕಿತ್ತು ನೋಡ್ರಿ ಅತ್ತಿ. ಅದರ ಚುಕ್ಕಿ ನನಗ ಗೊತ್ತೈತಿ. ಮ್ಯಾಲಿಂದ ಕೆಳಗ, ಕೆಳಗಿಂದ ಬಲಕ್ಕ. ಅಷ್ಟ,” ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದೆ. ಐದೇ ಚುಕ್ಕಿ. ನಾಲ್ಕನ್ನು ಅವನು ಬಿಟ್ಟುಬಿಟ್ಟಿದ್ದ. ನೀನು ಅಳತೊಡಗಿದೆ, ನಾನು ನಿನ್ನ ಬೆನ್ನು ಸವರಿ ಸಮಾಧಾನ ಹೇಳಿದೆ. ಸಮಾಧಾನ ಹೇಳಿದ ಆ ಕೈಯನ್ನು ನೆನೆದರೆ ನನಗೆ ಇಂದಿಗೂ ನಾಚಿಕೆ.

ಇದನ್ನೆಲ್ಲ ಕೇಳಿ ಮಾವನವರು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. “ಯಾಕ ಮುಚ್ಚಿಟ್ಟಿ?” ಅಂದರು. ನಿನಗೆ ಮೇಲೆ ಬರೆದದ್ದನ್ನೇ ಅವರಿಗೂ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ನಾನು ಬಡಿಸಿದ್ದನ್ನು ಗೋಡೆಯ ಕಡೆ ಮುಖ ಮಾಡಿ ಉಂಡರು. ಮೂರನೆಯ ದಿನ ತಮ್ಮ ನೋಟ್‌ಬುಕ್ಕಿನಿಂದ ಹಾಳೆಗಳನ್ನು ಬಿಡಿಸಿ ನನ್ನ ಮುಂದೆ ಇಟ್ಟು, “ನನಗ ಹೇಳಿದ್ರ ಏನು ಬಂತು? ಅವು ಆಕಿ ವಿಡಿಯೋ. ಆಕಿಗೆ ಬರಿ,” ಎಂದು ಹೊರಗೆ ನಡೆದರು. ಈ ಪತ್ರ ಆ ಹಾಳೆಗಳ ಮೇಲೆಯೇ ಇದೆ. ದಿನಚರಿಯ ಆ ದಿನಗಳ ಪುಟಗಳನ್ನೂ ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ನೋಡುವುದಾದರೆ ನೋಡು, ಹರಿಯುವುದಾದರೆ ಹರಿ.

ಕ್ಯಾಮೆರಾ ನಿನ್ನದು. ಅದಕ್ಕೂ ನಿನ್ನ ಸಿಟ್ಟಿಗೂ ಸಂಬಂಧವಿಲ್ಲ, ಮಾವನವರು ತಂದು ಕೊಡುತ್ತಾರೆ. ಗುಡ್ಡದ ಊರು ಎಂದು ಇನ್ನೊಂದು ಬ್ಯಾಟರಿ ತೆಗೆದಿದ್ದಾರೆ. ಚಳಿಯಲ್ಲಿ ಅದು ಬೇಗ ಸೋಲುತ್ತದಂತೆ, ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊ. ಬೆಳಕು ನಿನ್ನ ಬೆನ್ನಿಗಿರಲಿ. ಗಾಳಿಯಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಹಾಕುವ ಸ್ಪಂಜಿನ ಟೋಪಿ ಡಬ್ಬಿಯ ಕೆಳಗಿದೆ. ಕಾರ್ಡು ತುಂಬಿದರೆ ಅಳಿಸಿ ಮತ್ತೆ ಬಳಸಬೇಡ, ಹೊಸದು ತೆಗೆದುಕೊ, ತುಂಬಿದ್ದರ ಮೇಲೆ ತಾರೀಕು ಬರೆದು ಇಡು. ಸುಮಂತ ತೆಗೆದರೆ ನೀನು ಚಿತ್ರದಲ್ಲಿರು, ನೀನು ತೆಗೆದರೆ ಅವನಿರಲಿ, ಕೆಲವು ಸಲ ಪರದೆ ಮುಂದಕ್ಕೆ ತಿರುಗಿಸಿ ಮೂವರೂ ಇರಿ.

ಮಾರ್ಚ್ ಒಂಬತ್ತಕ್ಕೆ ಕಾಚಿಗೂಡದಿಂದ ರಾಯಚೂರಿಗೆ ಮಾವನವರು ಎರಡು ಟಿಕೀಟು ಮಾಡಿಸಿದ್ದಾರೆ. ನನ್ನ ಸೀಟಿನ ಮಾತು ನಿನ್ನ ಕೈಯಲ್ಲಿದೆ. ಬೇಡ ಅನ್ನಿಸಿದರೆ ಉಪಚಾರಕ್ಕೆ ಬನ್ನಿ ಎಂದು ಕರೆಯಬೇಡ. ಮಾವನವರಿಗೆ ಒಂದು ಮಾತು ಹೇಳು ಸಾಕು, ನಾನು ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ.

ಅಪೂರ್ವಳಿಗೆ ನನ್ನ ಮುದ್ದು. ಹೊಸ ಶಾಲೆಯಲ್ಲಿ ಹಿಂದಿ ಬಾರದು ಎಂದು ಅಳದಿರಲಿ, ಬೇಗ ಬರುತ್ತದೆ. ನಿನ್ನ ತಾಯಿಯವರಿಗೆ ನಮಸ್ಕಾರ. ಸುಮಂತನನ್ನೂ ನಿನ್ನನ್ನೂ ದೇವರು ಒಂದೇ ದಾರಿಯಲ್ಲಿ ಬಹಳ ದೂರ ನಡೆಸಲಿ, ಮನೆ ತುಂಬಿರಲಿ, ಯಾರೂ ಯಾರಿಗೂ ಏನನ್ನೂ ಮುಚ್ಚಿಡುವ ಹಾಗೆ ಆಗದಿರಲಿ.

ಇಂತಿ ನಿನ್ನ ಅತ್ತೆ,
ಯಮುನಾಬಾಯಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮಗನ ವಸ್ತು ಎಂದು ಇಟ್ಟುಕೊಂಡೆ ಅಂದೆನಲ್ಲ, ಅದು ಅರ್ಧ ಮಾತು. ಪೇದೆ ಫೋನು ಕೊಟ್ಟಾಗ ಅದು ಬೆಳಗಿತ್ತು. ಬೀಗದ ಮೇಲೆಯೇ ಕಾಣುವಂತೆ ‘ಅವ್ವ’ ಎಂದಿತ್ತು, ಪಕ್ಕದಲ್ಲಿ ಎರಡು ಎಂಬ ಅಂಕಿ. ಆ ಸಂಜೆ ನಾನು ಅವನಿಗೆ ಎರಡು ಸಲ ಫೋನು ಮಾಡಿದ್ದೆ. ಎರಡನೆಯದು ಆರು ಮೂವತ್ತೆಂಟಕ್ಕೆ. ಅವನ ಗಾಡಿಗೆ ಲಾರಿ ಬಡಿದದ್ದು ಆರು ನಲವತ್ತರ ಸುಮಾರಿಗೆ ಎಂದು ಪೊಲೀಸರು ಬರೆದುಕೊಂಡರು. ಅದನ್ನು ನೀನು ನೋಡಬಾರದಾಗಿತ್ತು. ಬೀಗ ತೆಗೆದು, ಆ ಎರಡು ಕರೆ ಅಳಿಸಿ, ಆಮೇಲೆ ಸಿಕ್ಕಿತು ಎಂದು ನಿನ್ನ ಕೈಗೆ ಕೊಡಬೇಕೆಂದಿದ್ದೆ. ಎರಡನ್ನು ಅಳಿಸಲು ಹೋಗಿ ಎಲ್ಲವನ್ನೂ ಅಳಿಸಿದೆ. ಇದು ಮಾವನವರಿಗೆ ಗೊತ್ತಿಲ್ಲ.

ಫೋನು ಅವನ ಜೇಬಿನಲ್ಲಿ ಸಿಕ್ಕಿತೋ, ಕೈಯಲ್ಲಿ ಸಿಕ್ಕಿತೋ ಎಂದು ಆ ಪೇದೆಯನ್ನು ಕೇಳಲು ನನಗೆ ಅಂದೂ ಧೈರ್ಯ ಬರಲಿಲ್ಲ, ಇಂದೂ ಇಲ್ಲ. ಆ ಕರೆ ಮಾಡಿ ನಾನು ಅವನನ್ನು ಕೇಳಬೇಕಾಗಿದ್ದದ್ದು ಇಷ್ಟೇ: ನೀನು ಊರಲ್ಲಿ ಇರಲಿಲ್ಲವಲ್ಲ, ರಾತ್ರಿ ಅವನಿಗೆ ರೊಟ್ಟಿ ಮಾಡಲೋ, ಅನ್ನ ಸಾಕೋ ಎಂದು.